ಜಾಗ ಐತಿ, ಫೈಲ್ ಹೋಗವಲ್ದು!

ಬಳ್ಳಾರಿಯಿಂದ ಸಿರುಗುಪ್ಪ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಮೊದಲು ಸಿಂಧನೂರು, ಆಮೇಲೆ ಮಸ್ಕಿ, ಅಲ್ಲಿಂದ ಲಿಂಗಸುಗೂರು ಮುಟ್ಟಿ ಸುರಪುರದ ಕಡೆ ಹೊರಳುತ್ತದೆ. ಈ ಮೂರೂ ಊರುಗಳ ಕಂಪ್ಯೂಟರ್ ಅಂಗಡಿ, ಝೆರಾಕ್ಸ್ ಸೆಂಟರ್, ಮದುವೆ ವಿಡಿಯೊ ಸ್ಟುಡಿಯೊಗಳಲ್ಲಿ ಕೇಳಿಬರುವ ದೂರೊಂದಿದೆ: "ಅಣ್ಣಾರ, ಪೆನ್‌ಡ್ರೈವ್‌ನ್ಯಾಗ ಇನ್ನಾ ಹನ್ನೊಂದ್ ಜಿಬಿ ಜಾಗ ಐತ್ರಿ. ಐದ್ ಜಿಬಿ ಫೈಲ್ ಹೋಗವಲ್ದು. ಡ್ರೈವ್ ಕೆಟ್ಟೈತೇನ್ರಿ?"

ಡ್ರೈವ್ ಕೆಟ್ಟಿಲ್ಲ. ಪರದೆಯ ಮೇಲೆ ಬರುವ ಸಂದೇಶವನ್ನು ಪೂರ್ತಿ ಓದಿದರೆ ಕಾರಣ ಅಲ್ಲೇ ಇರುತ್ತದೆ: ಈ ಫೈಲು ನೀವು ಹಾಕಲು ಹೊರಟ ಡ್ರೈವಿನ ಫೈಲ್ ಸಿಸ್ಟಮ್‌ಗೆ ದೊಡ್ಡದಾಯಿತು, ಎಂದು ವಿಂಡೋಸ್ ಹೇಳುತ್ತದೆ. ಜಾಗ ಸಾಲದು ಎಂದು ಅದು ಹೇಳುವುದೇ ಇಲ್ಲ. ಆದರೂ ಅನೇಕರು ಅದನ್ನು ಜಾಗದ ತಕರಾರು ಎಂದೇ ತಿಳಿದು ಹಳೆಯ ಫೋಟೊಗಳನ್ನು ಅಳಿಸುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಪೆನ್‌ಡ್ರೈವ್ ಕೊಳ್ಳುತ್ತಾರೆ. ಎರಡೂ ಬೇಕಿಲ್ಲದ ಖರ್ಚು.

ಅಂಗಡಿಯಲ್ಲಿ ಸಿಗುವ 32 ಜಿಬಿವರೆಗಿನ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಇದು 1996ರಲ್ಲಿ ವಿಂಡೋಸ್ 95ರ ಎರಡನೇ ಪರಿಷ್ಕೃತ ಆವೃತ್ತಿಯ ಜೊತೆ ಬಂದದ್ದು. ಪ್ರತಿ ಫೈಲಿಗೂ ಅದು ತನ್ನ ಪಟ್ಟಿಯಲ್ಲಿ 32 ಬೈಟ್‌ಗಳ ಒಂದು ದಾಖಲೆ ಬರೆದಿಡುತ್ತದೆ: ಹೆಸರು, ದಿನಾಂಕ, ಎಲ್ಲಿಂದ ಶುರು, ಕೊನೆಯ ನಾಲ್ಕು ಬೈಟ್‌ಗಳಲ್ಲಿ ಫೈಲಿನ ಗಾತ್ರ. ನಾಲ್ಕು ಬೈಟ್ ಎಂದರೆ 32 ಬಿಟ್. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,294,967,295. ಅದಕ್ಕಿಂತ ಒಂದೇ ಒಂದು ಬೈಟ್ ಹೆಚ್ಚಾದರೂ ಗಾತ್ರ ಬರೆಯಲು ಅಲ್ಲಿ ಸ್ಥಳವಿಲ್ಲ. ಅಂದಿನ ಹಾರ್ಡ್‌ಡಿಸ್ಕ್‌ಗಳ ಮಟ್ಟಿಗೆ ಒಂದೇ ಫೈಲು 4 ಜಿಬಿ ಆಗುವುದು ದೂರದ ಮಾತಾಗಿತ್ತು. ಈಗ ಒಂದು ವಿಂಡೋಸ್ ಐಎಸ್ಒ, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿಸಿದ ಇಮೇಜ್, ಅದನ್ನು ಸಲೀಸಾಗಿ ದಾಟುತ್ತದೆ.

ಇಲ್ಲಿ ಲೆಕ್ಕದ ಒಂದು ಗೊಂದಲವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಪೆನ್‌ಡ್ರೈವ್ ಮಾಡುವವರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ 1,073,741,824 ಬೈಟ್ ಎಂದು ಹಿಡಿಯುತ್ತದೆ. ಹಾಗಾಗಿಯೇ 16 ಜಿಬಿ ಎಂದು ಬರೆದದ್ದು ಕಂಪ್ಯೂಟರಿನಲ್ಲಿ 14.9 ಎಂದು ಕಾಣುತ್ತದೆ. ಅಂಗಡಿಯವ ಮೋಸ ಮಾಡಿದ ಎನ್ನಬೇಕಿಲ್ಲ. ಹಳೆಯ ಡಿವಿಡಿಯ ಮೇಲಿದ್ದ 4.7 ಜಿಬಿ ಕೂಡ ವಿಂಡೋಸ್ ಲೆಕ್ಕದಲ್ಲಿ ಸುಮಾರು 4.37. ಅಂದರೆ ಪೂರ್ತಿ ತುಂಬಿದ ಒಂದು ಡಿವಿಡಿಯ ಇಮೇಜ್ ಕೂಡ ಫ್ಯಾಟ್32 ಡ್ರೈವಿನಲ್ಲಿ ಒಂದೇ ಫೈಲಾಗಿ ಕೂರುವುದಿಲ್ಲ.

ಕತ್ತರಿ ಹಿಡಿಯುವ ಮೊದಲು

ತುಂಡು ಮಾಡುವುದು ಕೊನೆಯ ದಾರಿ. ಮೊದಲು ಕೇಳಬೇಕಾದ ಪ್ರಶ್ನೆ: ಈ ಡ್ರೈವ್ ಕೊನೆಗೆ ಯಾವ ಯಂತ್ರಕ್ಕೆ ಹೋಗುತ್ತದೆ? ಸಿಂಧನೂರಿನ ಅಂಗಡಿಯ ಕಂಪ್ಯೂಟರಿನಿಂದ ಮಸ್ಕಿಯ ಮನೆಯ ಲ್ಯಾಪ್‌ಟಾಪ್‌ಗೆ ಮಾತ್ರ ಹೋಗುವುದಾದರೆ ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಬದಲಿಸಿದರೆ ಮುಗಿಯಿತು. ಐವತ್ತು ಜಿಬಿಯ ಇಮೇಜ್ ಕೂಡ ಇಡಿಯಾಗಿ ಹೋಗುತ್ತದೆ. ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಈಗ ಯಾವ ಫಾರ್ಮ್ಯಾಟ್ ಇದೆ ಎಂದು ಕಾಣುತ್ತದೆ. ಫಾರ್ಮ್ಯಾಟ್ ಹೊಡೆದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಆದ್ದರಿಂದ ಮೊದಲು ಬೇರೆಡೆ ತೆಗೆದಿಡಬೇಕು. ವಿಂಡೋಸ್‌ನಲ್ಲಿ ಕನ್ವರ್ಟ್ ಎಂಬ ಆಜ್ಞೆಯೂ ಇದೆ. ಅದು ಒಳಗಿನ ಫೈಲುಗಳನ್ನು ಉಳಿಸಿಕೊಂಡೇ ಫ್ಯಾಟ್32 ಅನ್ನು ಎನ್‌ಟಿಎಫ್‌ಎಸ್ ಮಾಡುತ್ತದೆ, ಆದರೆ ಅದೇ ಆಜ್ಞೆಯಿಂದ ಹಿಂದಕ್ಕೆ ಬರಲಾಗದು.

ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಹುಟ್ಟಿದ್ದು. ವಿಂಡೋಸ್ ಕಂಪ್ಯೂಟರುಗಳ ನಡುವೆ ಓಡಾಡುವ ಹಾರ್ಡ್‌ಡಿಸ್ಕ್‌ಗೆ ಇದಕ್ಕಿಂತ ಭದ್ರವಾದದ್ದು ಬೇಕಿಲ್ಲ. ಆಪಲ್ ಮ್ಯಾಕ್ ಇದನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ 2006ರದ್ದು. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸ್ ಕರ್ನಲ್‌ನೊಳಗೂ ಸೇರಿತು. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಮೆಮೊರಿ ಕಾರ್ಡುಗಳು ಎಕ್ಸ್‌ಫ್ಯಾಟ್‌ನಲ್ಲೇ ಬರುತ್ತವೆ.

ಒಂದು ಎಚ್ಚರಿಕೆ ಮಾತ್ರ ಈ ಭಾಗದವರಿಗೆ ಗಟ್ಟಿಯಾಗಿ ಹೇಳಬೇಕು. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಗಳ ದಿನಚರಿ ಇಟ್ಟುಕೊಳ್ಳುತ್ತದೆ. ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಿಗೆ ಆ ಅಭ್ಯಾಸವಿಲ್ಲ. ಬೇಸಿಗೆಯ ಮಧ್ಯಾಹ್ನ ಕಾಪಿ ಆಗುತ್ತಿರುವಾಗಲೇ ಕರೆಂಟ್ ಹೋದರೆ, ಅಥವಾ ಇಜೆಕ್ಟ್ ಕೊಡದೆ ಡ್ರೈವ್ ಕಿತ್ತರೆ, ಆ ಎರಡು ಫಾರ್ಮ್ಯಾಟ್‌ಗಳಲ್ಲಿ ಹಾನಿಯ ಸಾಧ್ಯತೆ ಹೆಚ್ಚು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ದೊಡ್ಡ ಫೈಲುಗಳನ್ನು ಕಾಪಿ ಹಚ್ಚಿ ಊಟಕ್ಕೆ ಹೋಗುವುದು ಸರಿಯಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯಾದರೂ ಇರುತ್ತದೆ.

ಹಾಗಾದರೆ ಫ್ಯಾಟ್32 ಬಿಡಲಾಗದ ಸಂದರ್ಭ ಯಾವುವು? ಹಳೆಯ ಟಿವಿ, ಕಾರಿನ ಸ್ಟೀರಿಯೊ, ಯುಎಸ್‌ಬಿ ಇರುವ ಡಿವಿಡಿ ಪ್ಲೇಯರ್‌ಗಳಲ್ಲಿ ಅನೇಕವು ಅದೊಂದನ್ನೇ ಗುರುತಿಸುತ್ತವೆ. ಕಂಪ್ಯೂಟರ್ ಶುರುವಾಗುವಾಗ ಡ್ರೈವನ್ನು ಓದುವ ಯುಇಎಫ್ಐ ತಂತ್ರಾಂಶ ಕೂಡ ನಿಯಮದ ಪ್ರಕಾರ ಫ್ಯಾಟ್ ಕುಟುಂಬವನ್ನು ಓದಲೇಬೇಕು. ಉಳಿದದ್ದು ಆಯಾ ತಯಾರಕರ ಇಚ್ಛೆ. ತುಂಡು ಮಾಡುವ ವಿದ್ಯೆ ನಿಜಕ್ಕೂ ಬೇಕಾಗುವುದು ಇಲ್ಲೇ.

ವಿಂಡೋಸ್ ಹಾಕುವ ಪೆನ್‌ಡ್ರೈವ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಹೊಸ ವಿಂಡೋಸ್ ಹಾಕಿಸಬೇಕು, ಇಲ್ಲವೇ ಲಿನಕ್ಸ್‌ಗೆ ಹೋಗಬೇಕು. ಎರಡಕ್ಕೂ ಬೇಕಾದ್ದು ಬೂಟ್ ಆಗುವ ಪೆನ್‌ಡ್ರೈವ್.

ಇಲ್ಲಿ ಬಹಳ ಜನ ಎಡವುವುದು ಒಂದು ವಿಷಯದಲ್ಲಿ. ಐಎಸ್ಒ ಇಮೇಜನ್ನು ಎರಡು ತುಂಡು ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ಆ ತುಂಡುಗಳು ಸಾಗಣೆಗೆ ಮಾತ್ರ. ಬೂಟ್ ಆಗಬೇಕಾದರೆ ಇಮೇಜಿನ ಒಳಗಿನ ಫೈಲುಗಳು ಡ್ರೈವಿನಲ್ಲಿ ಬಿಡಿಬಿಡಿಯಾಗಿ ಇರಬೇಕು. ಆಗ ಲೆಕ್ಕಕ್ಕೆ ಬರುವುದು ಐಎಸ್ಒದ ಒಟ್ಟು ಗಾತ್ರವಲ್ಲ, ಅದರೊಳಗಿನ ಅತಿ ದೊಡ್ಡ ಒಂದು ಫೈಲು. ಈಗಿನ ವಿಂಡೋಸ್ ಐಎಸ್ಒದಲ್ಲಿ ಆ ಫೈಲು ಸೋರ್ಸಸ್ ಫೋಲ್ಡರಿನ 'ಇನ್‌ಸ್ಟಾಲ್ ಡಾಟ್ ವಿಮ್'. ಮೈಕ್ರೋಸಾಫ್ಟ್ ತಾಣದಿಂದ ನೇರವಾಗಿ ಇಳಿಸಿಕೊಂಡ ಐಎಸ್ಒದಲ್ಲಿ ಅದೊಂದೇ 4 ಜಿಬಿ ಗೆರೆ ದಾಟಿರುತ್ತದೆ. ಉಳಿದವೆಲ್ಲ ಸಣ್ಣವು.

ಇದಕ್ಕೆ ಮೈಕ್ರೋಸಾಫ್ಟ್ ತಾನೇ ಒಂದು ದಾರಿ ಕೊಟ್ಟಿದೆ, ಹೆಚ್ಚುವರಿ ಸಾಫ್ಟ್‌ವೇರ್ ಬೇಡ. ಐಎಸ್ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಒಂದು ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವ್‌ಗೆ ಫ್ಯಾಟ್32 ಫಾರ್ಮ್ಯಾಟ್ ಹೊಡೆದು, ಇನ್‌ಸ್ಟಾಲ್ ಡಾಟ್ ವಿಮ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಾಪಿ ಮಾಡಬೇಕು. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಡಿಸ್ಮ್' ಆಜ್ಞೆಗೆ 'ಸ್ಪ್ಲಿಟ್-ಇಮೇಜ್' ಆಯ್ಕೆ ಕೊಟ್ಟು, ಮೂಲ ವಿಮ್ ಫೈಲು ಎಲ್ಲಿದೆ, ತುಂಡುಗಳು ಎಲ್ಲಿ ಬೀಳಬೇಕು, ಪ್ರತಿ ತುಂಡು ಎಷ್ಟು ಎಂಬಿಷ್ಟನ್ನು ಬರೆಯಬೇಕು. ಗಾತ್ರಕ್ಕೆ 3800 ಎಂದು ಹಾಕುವುದು ರೂಢಿ. ಅದು ಮೆಗಾಬೈಟ್ ಲೆಕ್ಕ. ತುಂಡುಗಳ ಬಾಲ ವಿಮ್ ಬದಲು 'ಎಸ್‌ಡಬ್ಲ್ಯೂಎಂ' ಆಗಿರುತ್ತದೆ: ಇನ್‌ಸ್ಟಾಲ್, ಇನ್‌ಸ್ಟಾಲ್2, ಹೀಗೆ. ಎಲ್ಲವನ್ನೂ ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿನಲ್ಲಿ ಇಟ್ಟರೆ ವಿಂಡೋಸ್ ಸೆಟಪ್ ತಾನಾಗಿ ಅವನ್ನು ಗುರುತಿಸುತ್ತದೆ. ಜೋಡಿಸುವ ಕೆಲಸವೇ ಇಲ್ಲ. ಲಿನಕ್ಸ್ ಬಳಸುವವರಿಗೆ ಇದೇ ಕೆಲಸವನ್ನು 'ವಿಮ್‌ಲಿಬ್' ಮಾಡಿಕೊಡುತ್ತದೆ.

ಇಷ್ಟು ಆಜ್ಞೆ ಬರೆಯುವುದು ಬೇಡವೆನ್ನುವವರಿಗೆ ರೂಫಸ್ ಎಂಬ ಸಾಫ್ಟ್‌ವೇರ್ ಇದೆ. ಅದು ದೊಡ್ಡ ಫೈಲು ಕಂಡರೆ ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿ, ಕೊನೆಯಲ್ಲಿ ಒಂದು ಪುಟ್ಟ ಫ್ಯಾಟ್ ಭಾಗ ಇಟ್ಟು, ಅದರ ಮೂಲಕ ಬೂಟ್ ಮಾಡಿಸುತ್ತದೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಹೆಚ್ಚು ಒತ್ತಿದ 'ಇಎಸ್‌ಡಿ' ರೂಪದ ಫೈಲನ್ನು ಬಳಸುವುದರಿಂದ ಅಲ್ಲಿ ತಕರಾರು ಏಳುವುದು ಅಪರೂಪ. ದಿನಕ್ಕೆ ನಾಲ್ಕೈದು ಬಗೆಯ ಓಎಸ್ ಹಾಕುವ ಅಂಗಡಿಯವರಿಗೆ ವೆಂಟಾಯ್ ಹೆಚ್ಚು ಅನುಕೂಲ: ಒಮ್ಮೆ ಪೆನ್‌ಡ್ರೈವ್ ಸಿದ್ಧ ಮಾಡಿದರೆ ಅದರ ಎಕ್ಸ್‌ಫ್ಯಾಟ್ ಭಾಗದಲ್ಲಿ ಎಷ್ಟು ಐಎಸ್ಒಗಳನ್ನು ಬೇಕಾದರೂ ಇಡಿಯಾಗಿ ಹಾಕಿಟ್ಟು, ಬೂಟ್ ಆಗುವಾಗ ಪಟ್ಟಿಯಿಂದ ಆರಿಸಬಹುದು. ಹಳೆಯ ಯಂತ್ರವೊಂದು ಇವೆಲ್ಲಕ್ಕೂ ಮುನಿಸಿಕೊಂಡಾಗ ಮಾತ್ರ ಡಿಸ್ಮ್ ವಿಧಾನವೇ ಕೈಹಿಡಿಯುತ್ತದೆ, ಅದಕ್ಕಾಗಿಯೇ ಕಲಿತಿರಬೇಕು.

ತಂತ್ರಜ್ಞಾನ ಆಧಾರಿತ ಕಲಿಕೆಯ 'ಟಾಲ್ಪ್' ತರಬೇತಿ ಪಡೆದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಹೊಸದಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ರ ಡೆಸ್ಕ್‌ಟಾಪ್ ಐಎಸ್ಒ ಸುಮಾರು 5.7 ಜಿಬಿ. ಪೆನ್‌ಡ್ರೈವ್‌ಗೆ ಅದನ್ನು ರೂಫಸ್ ಮೂಲಕ 'ಬರೆಯುವಾಗ' ತುಂಡಿನ ಪ್ರಶ್ನೆ ಬರುವುದಿಲ್ಲ. ಆದರೆ ನೆಟ್ ಚೆನ್ನಾಗಿರುವ ಕಡೆ ಇಳಿಸಿಕೊಂಡು, ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ ಹಳ್ಳಿಯ ಶಾಲೆಗೆ ಒಯ್ಯಬೇಕಾದರೆ ಕತ್ತರಿ ಬೇಕು.

ಕತ್ತರಿಸಿ ಜೋಡಿಸುವ ಕ್ರಮ

ಉಚಿತವಾಗಿ ಸಿಗುವ 7-ಜಿಪ್ ಸಾಕು. ಅದರ ಫೈಲ್ ಮ್ಯಾನೇಜರ್ ತೆರೆದು ಐಎಸ್ಒ ಆರಿಸಿ, ಫೈಲ್ ಮೆನುವಿನಲ್ಲಿ 'ಸ್ಪ್ಲಿಟ್ ಫೈಲ್' ಒತ್ತಿದರೆ ಗಾತ್ರ ಕೇಳುತ್ತದೆ. ಸಿದ್ಧ ಆಯ್ಕೆಗಳಲ್ಲೇ 700ಎಂ ಸಿಡಿಗೆ, 4092ಎಂ ಫ್ಯಾಟ್‌ಗೆ, 4480ಎಂ ಡಿವಿಡಿಗೆ ಎಂದು ಇದೆ. ಫ್ಯಾಟ್32 ಡ್ರೈವಿಗೆ 4092 ಆರಿಸಬೇಕು. 4096 ಬರೆದರೆ ಸರಿಯಾಗಿ ಒಂದು ಬೈಟಿನಿಂದ ಗೆರೆ ದಾಟುತ್ತದೆ, ಕಾಪಿ ಮತ್ತೆ ನಿಲ್ಲುತ್ತದೆ. ಉಬುಂಟು ಐಎಸ್ಒ ಹೀಗೆ ಎರಡು ತುಂಡಾಗುತ್ತದೆ. ಹೆಸರಿನ ಕೊನೆಯಲ್ಲಿ 001, 002 ಎಂದು ಸೇರಿಕೊಳ್ಳುತ್ತದೆ. ಆ ಅಂಕಿಗಳನ್ನು ಬದಲಿಸಬಾರದು.

ಇದೇ 7-ಜಿಪ್‌ನಲ್ಲಿ ಆರ್ಕೈವ್ ಮಾಡುತ್ತಾ ತುಂಡು ಮಾಡುವ ಇನ್ನೊಂದು ದಾರಿಯೂ ಇದೆ. ಐಎಸ್ಒಗಳ ಒಳಗಿನದು ಈಗಾಗಲೇ ಒತ್ತಿದ್ದಾಗಿರುವುದರಿಂದ ಅಲ್ಲಿ ಸಮಯ ಹೋಗುತ್ತದೆಯೇ ಹೊರತು ಗಾತ್ರ ಹೆಚ್ಚೇನೂ ಇಳಿಯದು. ಮೇಲಾಗಿ ಅದನ್ನು ಬಿಚ್ಚಲು ಆ ಕಡೆಯ ಕಂಪ್ಯೂಟರಿನಲ್ಲೂ 7-ಜಿಪ್‌ನಂಥದ್ದು ಇರಬೇಕು. ನೇರವಾಗಿ ಕತ್ತರಿಸಿದ ತುಂಡುಗಳಿಗೆ ಆ ಹಂಗಿಲ್ಲ. ಪಡೆದವರ ಬಳಿ ಏನೂ ಇಲ್ಲದಿದ್ದರೂ ಕಮಾಂಡ್ ಪ್ರಾಂಪ್ಟಿನ 'ಕಾಪಿ' ಆಜ್ಞೆಗೆ ಓರೆಗೆರೆ ಹಾಕಿ 'ಬಿ' ಬರೆದು, ತುಂಡುಗಳ ಹೆಸರನ್ನು ಕ್ರಮವಾಗಿ ಪ್ಲಸ್ ಚಿಹ್ನೆಯಿಂದ ಕೂಡಿಸಿ, ಕೊನೆಗೆ ಹೊಸ ಫೈಲಿನ ಹೆಸರು ಕೊಟ್ಟರೆ ಇಡೀ ಐಎಸ್ಒ ಮರಳಿ ಬರುತ್ತದೆ. ಆ 'ಬಿ' ಬಿಡುವಂತಿಲ್ಲ. ಅದಿಲ್ಲದಿದ್ದರೆ ವಿಂಡೋಸ್ ಇವನ್ನು ಪಠ್ಯ ಎಂದು ತಿಳಿದು, ಪಠ್ಯ ಮುಗಿದ ಗುರುತಿನಂತಹ ಒಂದು ಬೈಟ್ ಎದುರಾದ ಕೂಡಲೇ ಓದುವುದನ್ನು ನಿಲ್ಲಿಸಿಬಿಡುತ್ತದೆ. ಫೈಲು ಬಂದಂತೆ ಕಾಣುತ್ತದೆ, ಒಳಗೆ ಅರ್ಧ ಇರುವುದಿಲ್ಲ. ಲಿನಕ್ಸ್‌ನಲ್ಲಿ ಕತ್ತರಿಸಲು 'ಸ್ಪ್ಲಿಟ್', ಜೋಡಿಸಲು 'ಕ್ಯಾಟ್' ಎಂಬ ಆಜ್ಞೆಗಳು ಮೊದಲಿನಿಂದಲೂ ಇವೆ.

ಜೋಡಿಸುವುದು ಪೆನ್‌ಡ್ರೈವಿನ ಮೇಲೆ ಅಲ್ಲ. ಅಲ್ಲಿ ಜೋಡಿಸಲು ಹೊರಟರೆ ಅದೇ 4 ಜಿಬಿ ಗೋಡೆ ಮತ್ತೆ ಅಡ್ಡ ಬರುತ್ತದೆ. ತುಂಡುಗಳನ್ನು ಕಂಪ್ಯೂಟರಿನ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಂಡು ಅಲ್ಲಿ ಕೂಡಿಸಬೇಕು; ಅಲ್ಲಿ ಇಮೇಜಿನ ಎರಡರಷ್ಟು ಜಾಗ ಖಾಲಿ ಇರಬೇಕು.

ಫೋನಿನಲ್ಲಿ ಕಳಿಸುವವರಿಗೆ ಗೆರೆ ಇನ್ನೂ ಕೆಳಗಿದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುವ ಒಂದು ಫೈಲಿಗೆ 2 ಜಿಬಿ ಮಿತಿ, ಟೆಲಿಗ್ರಾಂನ ಉಚಿತ ಖಾತೆಗೂ ಅಷ್ಟೇ. ಲಿಂಗಸುಗೂರಿನಿಂದ ಬೆಂಗಳೂರಿನಲ್ಲಿ ಓದುತ್ತಿರುವ ಮಗಳಿಗೆ ಕಳಿಸುವುದಾದರೆ 1900ಎಂ ತುಂಡುಗಳು ಸುರಕ್ಷಿತ.

ವಿಡಿಯೊಗೆ ಬೇರೆ ಕತ್ತರಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಸೀಮೆಯಲ್ಲಿ ಮದುವೆ ವಿಡಿಯೊಗಳು ಉದ್ದ. ಅಂಬಾಮಠದ ಜಾತ್ರೆ, ಮಸ್ಕಿ ಬೆಟ್ಟದ ಮಲ್ಲಯ್ಯನ ತೇರು, ರಾತ್ರಿಯಿಡೀ ನಡೆಯುವ ಬಯಲಾಟ ಇವನ್ನು ಚಿತ್ರೀಕರಿಸುವವರೂ ಇದ್ದಾರೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ತೆಗೆದರೆ ಆರು ನಿಮಿಷ ತುಂಬುವ ಮೊದಲೇ 4 ಜಿಬಿ ಆಗುತ್ತದೆ. ಅದಕ್ಕೇ ಫ್ಯಾಟ್32 ಕಾರ್ಡ್ ಹಾಕಿದ ಕ್ಯಾಮೆರಾಗಳು, ಮುದಗಲ್ ಕೋಟೆಯಂಥ ಜಾಗಗಳಿಗೆ ಯುಟ್ಯೂಬ್‌ನವರು ಒಯ್ಯುವ ಗೋಪ್ರೊಗಳು ಒಂದೇ ಶಾಟನ್ನು ತಾವಾಗಿ ಹಲವು ಫೈಲುಗಳಾಗಿ ಬರೆಯುತ್ತವೆ. ಹಳೆಯ ಡಿವಿಡಿ ಸಿನಿಮಾ ತೆರೆದು ನೋಡಿದರೂ ಇದೇ ಕಥೆ: ಒಂದೇ ಚಿತ್ರ, ವಿಒಬಿ ಎಂಬ ಬಾಲದ ಫೈಲುಗಳು ಹಲವು, ಪ್ರತಿಯೊಂದೂ 1 ಜಿಬಿಯೊಳಗೆ. ಆ ಮಿತಿ ಡಿವಿಡಿ-ವಿಡಿಯೊ ನಿಯಮದಲ್ಲೇ ಇದೆ.

ಟಿವಿಯಲ್ಲಿ ನೋಡಬೇಕಾದ ಮದುವೆ ವಿಡಿಯೊವನ್ನು 7-ಜಿಪ್‌ನಿಂದ ಕತ್ತರಿಸಿ ಕೊಟ್ಟರೆ ಬೀಗರ ಮನೆಯಲ್ಲಿ ಮುಖಭಂಗ ಖಚಿತ. ಎಂಪಿ4 ಫೈಲಿಗೆ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿ ಒಂದೇ ಕಡೆ ಇರುತ್ತದೆ. ಬೈಟ್ ಲೆಕ್ಕದಲ್ಲಿ ಕಡಿದರೆ ಸೂಚಿ ಇಲ್ಲದ ತುಂಡು ಬರೀ ಮೂಕ ದತ್ತಾಂಶ. ವಿಡಿಯೊವನ್ನು ದೃಶ್ಯದ ಗಡಿಯಲ್ಲೇ ಕತ್ತರಿಸಬೇಕು. ಎಂಕೆವಿಟೂಲ್‌ನಿಕ್ಸ್‌ನಲ್ಲಿ 'ಇಷ್ಟು ಗಾತ್ರ ಆದ ಮೇಲೆ ಕತ್ತರಿಸು' ಎಂದು ಹೇಳಬಹುದು. ಅದು ಕೊಡುವ ಎಂಕೆವಿ ಫೈಲನ್ನು ಟಿವಿಗೆ ಓದಲು ಬಾರದಿದ್ದರೆ ಲಾಸ್‌ಲೆಸ್‌ಕಟ್‌ನಲ್ಲಿ ಅಕ್ಷತೆ, ಆರತಕ್ಷತೆ, ಬೀಗರ ಊಟ ಎಂದು ಬೇಕಾದ ಕಡೆ ಗುರುತು ಹಾಕಿ ಎಂಪಿ4 ಆಗಿಯೇ ತೆಗೆಯಬಹುದು. ಎರಡೂ ಉಚಿತ, ಎರಡೂ ಚಿತ್ರವನ್ನು ಮತ್ತೆ ಒತ್ತದೆ ಇದ್ದಂತೆಯೇ ಬಿಡಿಸುವುದರಿಂದ ಗುಣಮಟ್ಟ ಕುಂದದು, ಗಂಟೆಗಟ್ಟಲೆ ಕಾಯಬೇಕಿಲ್ಲ. ಪ್ರತಿ ತುಂಡೂ ತಾನೇ ತಾನಾಗಿ ಓಡುತ್ತದೆ.

ತನ್ನದೇ ತುಂಡುಗಳನ್ನು ಅರಿಯುವ ಇನ್ನೊಂದು ಉಪಯುಕ್ತ ವ್ಯವಸ್ಥೆ ಕಿವಿಕ್ಸ್. ನೆಟ್ ಇಲ್ಲದೆಯೇ ವಿಕಿಪೀಡಿಯಾ ಓದಲು ಅದು 'ಜಿಮ್' ಫೈಲುಗಳನ್ನು ಕೊಡುತ್ತದೆ. ಚಿತ್ರ ಸಹಿತ ಇಂಗ್ಲಿಷ್ ವಿಕಿಪೀಡಿಯಾ ನೂರು ಜಿಬಿ ಆಸುಪಾಸು. ಫ್ಯಾಟ್32 ಡ್ರೈವಿಗೆ ಅದನ್ನು ತುಂಡು ಮಾಡಲು ಅವರದೇ ಸಾಧನವಿದೆ. ತುಂಡುಗಳ ಹೆಸರಿನ ಕೊನೆಗೆ ಎಎ, ಎಬಿ ಎಂಬ ಅಕ್ಷರಗಳು ಬರುತ್ತವೆ, ಕಿವಿಕ್ಸ್ ಅವನ್ನು ಜೋಡಿಸದೆಯೇ ಒಂದೇ ಪುಸ್ತಕವಾಗಿ ತೆರೆಯುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಾವೂ ಕಿವಿಕ್ಸ್‌ನಲ್ಲಿದೆ. ನೆಟ್ ಬಾರದ ಶಾಲೆಯ ಕಂಪ್ಯೂಟರ್ ಕೊಠಡಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಸಿಗುವುದು ಕಷ್ಟ.

ಸರಿಯಾಗಿ ಬಂತೇ?

ತುಂಡು ಮಾಡಿದ ಮೇಲೆ ಅತಿ ಮುಖ್ಯವಾದ, ಆದರೆ ಬಹುತೇಕರು ಬಿಟ್ಟುಬಿಡುವ ಹಂತ ಇದು. ಕತ್ತರಿಸುವ ಮೊದಲು ಮೂಲ ಐಎಸ್ಒ ಮೇಲೆ ಬಲ ಕ್ಲಿಕ್ ಮಾಡಿ, 7-ಜಿಪ್‌ನ ಸಿಆರ್‌ಸಿ ಎಸ್‌ಎಚ್‌ಎ ಪಟ್ಟಿಯಿಂದ ಎಸ್‌ಎಚ್‌ಎ-256 ಆರಿಸಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಜೋಡಿಸಿದ ಮೇಲೆ ಆ ಕಡೆಯ ಫೈಲಿಗೂ ಅದನ್ನೇ ಮಾಡಬೇಕು. ಎರಡು ಸಾಲುಗಳು ಒಂದೇ ಆಗಿದ್ದರೆ ಫೈಲು ಬೈಟಿಗೆ ಬೈಟ್ ಸರಿ ಇದೆ. ಒಂದು ಅಕ್ಷರ ಬೇರೆಯಾದರೂ ಆ ಐಎಸ್ಒದಿಂದ ಓಎಸ್ ಹಾಕಬಾರದು. ಉಬುಂಟು ತನ್ನ ಐಎಸ್ಒಗಳ ಜೊತೆ ಈ ಸಾಲನ್ನು ತಾನೇ ಪ್ರಕಟಿಸುತ್ತದೆ, ಹಾಗಾಗಿ ಇಳಿಸಿಕೊಂಡದ್ದೇ ಸರಿಯಿತ್ತೇ ಎಂದೂ ನೋಡಬಹುದು.

ಸಾಲು ತಾಳೆಯಾಗದಿದ್ದರೆ ಮೊದಲು ತುಂಡುಗಳ ಗಾತ್ರ ನೋಡಬೇಕು: ಕೊನೆಯದನ್ನು ಬಿಟ್ಟು ಉಳಿದವೆಲ್ಲ ಒಂದೇ ಅಳತೆಯಲ್ಲಿರಬೇಕು. ಅದು ಸರಿಯಿದ್ದರೆ ಪ್ರತಿ ತುಂಡಿಗೂ ಬೇರೆಬೇರೆಯಾಗಿ ಎಸ್‌ಎಚ್‌ಎ ತೆಗೆದು, ಕೆಟ್ಟ ತುಂಡೊಂದನ್ನೇ ಮತ್ತೆ ಕಾಪಿ ಮಾಡಿದರೆ ಸಾಕು. ಎಲ್ಲವನ್ನೂ ಮೊದಲಿಂದ ಮಾಡಬೇಕಿಲ್ಲ. ಎಷ್ಟು ಸಲ ಮಾಡಿದರೂ ತಾಳೆಯಾಗದಿದ್ದರೆ ಪೆನ್‌ಡ್ರೈವನ್ನೇ ಶಂಕಿಸಬೇಕು. ಸಂತೆಯಲ್ಲಿ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಡ್ರೈವ್‌ಗಳ ಒಳಗಿನ ಚಿಪ್ಪು ಸಣ್ಣದಿದ್ದು, ಹೊರಗೆ ದೊಡ್ಡ ಗಾತ್ರ ತೋರಿಸುವಂತೆ ತಿದ್ದಿರುತ್ತಾರೆ. ಫೈಲು ಹೋದಂತೆ ಕಾಣುತ್ತದೆ, ತೆರೆದಾಗ ಕಸ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಇಡೀ ಡ್ರೈವ್ ತುಂಬಿಸಿ ಓದಿ ನಿಜ ಗಾತ್ರ ಹೇಳುತ್ತವೆ.

ಇನ್ನೊಬ್ಬರಿಗೆ ಕೊಡುವ ಡ್ರೈವಿನಲ್ಲಿ ತುಂಡುಗಳ ಪಕ್ಕ ಒಂದು ಸಣ್ಣ ನೋಟ್‌ಪ್ಯಾಡ್ ಫೈಲು ಇಡುವುದನ್ನು ಮರೆಯಬಾರದು. ಒಟ್ಟು ಎಷ್ಟು ತುಂಡು, ಜೋಡಿಸುವುದು ಹೇಗೆ, ಆ 64 ಅಕ್ಷರಗಳ ಸಾಲು ಯಾವುದು, ಇಷ್ಟನ್ನು ಕನ್ನಡದಲ್ಲೇ ಬರೆದಿಟ್ಟರೆ ಪಡೆದವರು ಫೋನ್ ಮಾಡಿ ಕೇಳಬೇಕಾಗುವುದಿಲ್ಲ. ಅವರಿಂದ "ತಾಳೆ ಆತ್ರಿ" ಎಂಬ ಉತ್ತರ ಬರುವತನಕ ಮೂಲ ಐಎಸ್ಒ ಅಳಿಸಬೇಡಿ.